ಎಚ್‌ಐವಿ ಇದ್ದವ್ರು ಸುಪ್ತ ಟಿಬಿ ಟೆಸ್ಟ್ ಮಾಡಿಸೋದು ಹೆಂಗ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವ್ರಿಗೆ ಸಮಗ್ರ ಮಾರ್ಗದರ್ಶಿ

ಟಿಬಿ ಕ್ರಿಮಿ ಮೈಯಾಗ ಹೊಕ್ಕವ್ರೆಲ್ಲಾರಿಗೂ ಟಿಬಿ ರೋಗ ಬರಂಗಿಲ್ಲ. ಭಾಳ ಮಂದಿಗೆ ಅದು ಬೂದಿ ಮುಚ್ಚಿದ ಕೆಂಡದಂಗ ವರ್ಷಗಟ್ಟಲೆ ಸುಮ್ನ ಕುಂತಿರ್ತೈತಿ, ಕೆಮ್ಮು ಇಲ್ಲ, ಜ್ವರ ಇಲ್ಲ, ಇನ್ನೊಬ್ಬರಿಗೆ ಹಬ್ಬಂಗೂ ಇಲ್ಲ. ಇದಕ್ಕ ಲೇಟೆಂಟ್ ಟಿಬಿ, ಸುಪ್ತ ಟಿಬಿ ಅಂತಾರ, ಈಗೀಗ ಡಾಕ್ಟರ್ ಮಂದಿ ಟಿಬಿ ಇನ್ಫೆಕ್ಷನ್ ಅಂತಾನೂ ಬರೀತಾರ. ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿನ ಪ್ರಕಾರ ಜಗತ್ತಿನ ನಾಲ್ಕು ಮಂದಿಯೊಳಗ ಸುಮಾರು ಒಬ್ಬರಿಗೆ ಈ ಕ್ರಿಮಿ ತಗಲಿರ್ತೈತಿ. ಎಚ್‌ಐವಿ ಇಲ್ಲದವ್ರೊಳಗ ಹಿಂಗ ತಗಲಿದ 100 ಮಂದಿಗೆ ಇಡೀ ಜೀವಮಾನದಾಗ 5ರಿಂದ 10 ಮಂದಿಗೆ ಅದು ರೋಗ ಆಗಿ ಎದ್ದು ಬರ್ತೈತಿ. ಎಚ್‌ಐವಿ ಇದ್ದು, ಅದನ್ನ ಹತೋಟಿಯಾಗ ಇಡೋ ಎಆರ್‌ಟಿ ಗುಳಗಿ ಇನ್ನೂ ಶುರು ಮಾಡದವ್ರಿಗೆ ಹೆಚ್ಚುಕಡಿಮಿ ಅಷ್ಟ ಅಪಾಯ ಒಂದ ವರ್ಷದಾಗ ಬರ್ತೈತಿ. ಗುಳಗಿ ಸರಿಯಾಗಿ ತಗೊಂಡ್ರ ಅಪಾಯ ಭಾಳ ಇಳೀತೈತಿ, ಆದ್ರ ಪೂರ್ತಿ ಹೋಗಂಗಿಲ್ಲ. ಅದಕ್ಕ ಸಿಡಿ4 (ಮೈಯ ರಕ್ಷಣಾ ಪಡೆಯ ಕಣಗಳ ಎಣಿಕಿ) ಚಲೋ ಐತಿ, ವೈರಲ್ ಲೋಡ್ (ರಕ್ತದಾಗ ಎಚ್‌ಐವಿ ಎಷ್ಟೈತಿ ಅನ್ನೋ ಲೆಕ್ಕ) ಕಾಣವಲ್ದು ಅನ್ನೋರು ಸೈತ ಇದನ್ನ ಓದ್ರಿ.

ಕೌನ್ಸೆಲಿಂಗ್ ಕೆಲಸದಾಗ ನಾನು ದಿನಾ ನೋಡೋದು ಏನಂದ್ರ, ಮಂದಿ ಟೆಸ್ಟ್ ರಿಪೋರ್ಟಿನ ಕಾಗದಕ್ಕ ಅದಕ್ಕಿರೋದಕ್ಕಿಂತ ಜಾಸ್ತಿ ಬೆಲಿ ಕೊಡ್ತಾರ. ಪಾಸಿಟಿವ್ ಬಂತಂದ್ರ ಟಿಬಿ ಬಂತು ಅಂತ ಅಳ್ಕೊಂತ ಕುಂಡ್ರತಾರ, ನೆಗೆಟಿವ್ ಬಂತಂದ್ರ ಏನೂ ಇಲ್ಲ ಅಂತ ಆರಾಮ ಮನಿಗೆ ಹೋಗ್ತಾರ. ಎರಡೂ ತಪ್ಪು. ಈ ಟೆಸ್ಟ್ ಯಾವಾಗ ಮಾಡಿಸ್ಬೇಕು, ಅದಕ್ಕಿಂತ ಮೊದ್ಲು ಏನಾಗಬೇಕು, ರಿಪೋರ್ಟ್ ಕೈಗೆ ಬಂದ ಮ್ಯಾಲ ಏನು, ಇಷ್ಟು ಗೊತ್ತಿದ್ರ ಅರ್ಧ ಹೆದರಿಕಿ ಹೋಗ್ತೈತಿ.

ಮೊದಲನೇ ಹೆಜ್ಜೆ: ಎದ್ದಿರೋ ಟಿಬಿ ಇಲ್ಲ ಅಂತ ಖಾತ್ರಿ ಮಾಡ್ಕೊಳ್ರಿ

ಇದು ಎಲ್ಲಾಕ್ಕಿಂತ ದೊಡ್ಡ ಹೆಜ್ಜೆ, ಇದನ್ನ ಜಿಗಿದು ಸೀದಾ ಲ್ಯಾಬಿಗೆ ಹೋಗೋರು ಭಾಳ ಮಂದಿ. ಯಾಕ ಮೊದ್ಲು ಇದು ಅಂದ್ರ, ಸುಪ್ತ ಟಿಬಿಗೆ ಕೊಡೋದು ಒಂದು ಇಲ್ಲಾ ಎರಡು ಔಷಧ ಅಷ್ಟ. ಮೈಯಾಗ ಟಿಬಿ ಆಗಲೇ ಎದ್ದು ಕುಂತಿದ್ರ ಅದಕ್ಕ ನಾಲ್ಕು ಔಷಧದ ಕೋರ್ಸ್ ಬೇಕು. ಎದ್ದಿರೋ ಟಿಬಿಗೆ ಒಂದ ಔಷಧ ಕೊಟ್ರ ಕ್ರಿಮಿ ಸಾಯಂಗಿಲ್ಲ, ಆ ಔಷಧಕ್ಕ ಜಗ್ಗದಂಗ ಆಗ್ತೈತಿ, ಮುಂದ ಅದು ದೊಡ್ಡ ತಲಿನೋವು.

ನಾಲ್ಕು ಪ್ರಶ್ನಿ ಅದಾವ. ಈಗ ಕೆಮ್ಮು ಐತೇನು, ಜ್ವರ ಐತೇನು, ತೂಕ ಇಳದೈತೇನು, ರಾತ್ರಿ ಬೆವರು ಬರ್ತೈತೇನು. ಎಆರ್‌ಟಿ ಸೆಂಟರ್‌ಗ ನೀವು ಗುಳಗಿ ತರಾಕ ಹೋದಾಗೆಲ್ಲಾ ಈ ನಾಲ್ಕೂ ಕೇಳಬೇಕು ಅಂತ ನಿಯಮ ಐತಿ. ಗದ್ದಲ ಇದ್ದ ದಿನ ಅವ್ರು ಗಡಿಬಿಡಿಯಾಗ "ಆರಾಮ ಅದೀರಿಲ್ರಿ?" ಅಂತ ಕೇಳಿ ಮುಂದ ಕಳಿಸಿದ್ರ ನೀವ ನಿಂತು ಹೇಳ್ರಿ. ಬ್ಯಾರೇವ್ರಿಗೆ ಕೆಮ್ಮು ಎರಡು ವಾರ ಇದ್ರ ಕಫ ಟೆಸ್ಟ್ ಅಂತಾರ, ಎಚ್‌ಐವಿ ಇದ್ದವ್ರಿಗೆ ಆ ಎರಡು ವಾರದ ಲೆಕ್ಕ ಇಲ್ಲ, ಮೂರು ದಿನದ ಕೆಮ್ಮು ಇದ್ರೂ ಹೇಳ್ಬೇಕು.

ನಮ್ಮ ಕಡೆ ಮಂದಿ ಈ ನಾಲ್ಕಕ್ಕೂ ಒಂದೊಂದು ಕಾರಣ ಹುಡುಕಿ ಇಟ್ಕೊಂಡಿರ್ತಾರ. ಬ್ಯಾಡಗಿ ಮಾರ್ಕೆಟ್ನಾಗ ಸೀಸನ್ ಟೈಮ್ ದುಡಿಯೋ ಹಮಾಲರು, ಮೆಣಸಿನಕಾಯಿ ತೊಟ್ಟು ಬಿಡಿಸೋ ಹೆಣ್ಮಕ್ಕಳು ಕೆಮ್ಮು ಬಂದ್ರ ಘಾಟಿಗೆ ಬಂದಿದ್ದು ಅಂತಾರ. ಜಿನ್ನಿಂಗ್ ಮಿಲ್ಲಿನ್ಯಾಗ ಇದ್ದವ್ರು ಹತ್ತಿ ಧೂಳು ಅಂತಾರ. ತೂಕ ಇಳದ್ರ ಶ್ರಾವಣದಾಗ ಒಪ್ಪತ್ತು ಹಿಡಿದಿದ್ದೆ ಅಂತಾರ, ಬೆವರು ಬಂದ್ರ ಬ್ಯಾಸಗಿ ಅಂತಾರ. ಇರಬಹುದು, ಘಾಟಿಗೆ ಯಾರಿಗಾದ್ರೂ ಕೆಮ್ಮು ಬರ್ತೈತಿ, ಆದ್ರ ಅದನ್ನ ತೀರ್ಮಾನ ಮಾಡೋರು ನೀವಲ್ಲ. ಒಂದು ಸುಳಿವು ಹೇಳ್ತೀನಿ. ಫ್ಯಾನ್ ಕೆಳಗ ಮಲಗಿದ್ರೂ ಅಂಗಿ, ಹಾಸಿಗಿ ತೊಯ್ದು ಬದಲಿ ಮಾಡೋ ಹಂಗ ಆದ್ರ ಅದು ಬ್ಯಾಸಗಿ ಬೆವರು ಅಂತ ಬಿಡಬ್ಯಾಡ್ರಿ. ಹಂಗ ಕೊಳ್ಳಾಗ, ಬಗಲಾಗ ಗಂಟು ಬಂದೈತೇನು ಅಂತ ಕೈ ಆಡಿಸಿ ನೋಡ್ಕೊಳ್ರಿ, ಎಚ್‌ಐವಿ ಇದ್ದವ್ರಿಗೆ ಟಿಬಿ ಎದಿ ಬಿಟ್ಟು ಬ್ಯಾರೆ ಕಡೆ ಬರೋದು ಜಾಸ್ತಿ.

ನಾಲ್ಕರಾಗ ಒಂದಕ್ಕಾದ್ರೂ ಹೂಂ ಅಂತ ಉತ್ತರ ಬಂತಂದ್ರ ಸುಪ್ತ ಟಿಬಿ ಟೆಸ್ಟಿನ ಮಾತ ಅಲ್ಲಿಗೆ ನಿಲ್ಲಸ್ರಿ. ಕಫ ಕೊಡ್ರಿ, ಅದನ್ನ ಟಿಬಿ ಕ್ರಿಮಿ ಹುಡುಕೋ ಸಿಬಿನ್ಯಾಟ್ ಇಲ್ಲಾ ಟ್ರೂನ್ಯಾಟ್ ಮಷಿನ್‌ದಾಗ ಹಾಕ್ತಾರ, ಸರ್ಕಾರಿ ದವಾಖಾನಿಯಾಗ ಇದು ಪುಕ್ಕಟೆ. ಕಫ ಕೊಡುವಾಗ ಉಗುಳು ಕೊಟ್ಟು ಬರಬ್ಯಾಡ್ರಿ, ಮುಂಜಾನೆ ಎದ್ದು ಬಾಯಿ ನೀರಿಲೆ ಮುಕ್ಕಳಿಸಿ, ಬಯಲಾಗ ನಿಂತು, ಉಸಿರು ಜಗ್ಗಿ ಎದಿ ಒಳಗಿಂದ ಕೆಮ್ಮಿ ತೆಗೀಬೇಕು. ಎದಿ ಎಕ್ಸ್‌ರೇ ಮಾಡ್ತಾರ, ಗಂಟಿದ್ರ ಸೂಜಿಲೆ ಸ್ಯಾಂಪಲ್ ತಗೋತಾರ, ಸಿಡಿ4 ಭಾಳ ಕಡಿಮಿ ಇದ್ದು ಸೀರಿಯಸ್ ಇದ್ದವ್ರಿಗೆ ಉಚ್ಚಿ ಟೆಸ್ಟ್ ಒಂದೈತಿ, ಎಲ್‌ಎಎಮ್ ಅಂತ. ಇದೆಲ್ಲಾ ಎದ್ದಿರೋ ಟಿಬಿ ಹುಡುಕೋ ದಾರಿ. ಎಚ್‌ಐವಿ ಇದ್ದವ್ರಿಗೆ ಟಿಬಿ ಇದ್ರೂ ಕೆಲವೊಮ್ಮೆ ಎಕ್ಸ್‌ರೇ ಸ್ವಚ್ಛ ಕಾಣ್ತೈತಿ, ಹಿಂಗಾಗಿ ಎಕ್ಸ್‌ರೇ ಒಂದ ನೋಡಿ ಸುಮ್ನಾಗಬ್ಯಾಡ್ರಿ.

ನಾಲ್ಕಕ್ಕೂ ಇಲ್ಲ ಅಂದ್ರ ಮುಂದ ನಡೀರಿ.

ಎರಡನೇ ಹೆಜ್ಜೆ: ನಿಮಗ ಈ ಟೆಸ್ಟ್ ಬೇಕ ಬೇಕೇನು, ಕೇಳ್ಕೊಳ್ರಿ

ಟೆಸ್ಟ್ ಮಾಡಿಸೋದು ಹೆಂಗ ಅಂತ ಬರೆಯಾಕ ಕುಂತು ಟೆಸ್ಟ್ ಬೇಕೇನು ಅಂತ ಕೇಳಾಕತ್ತೀನಿ, ಆದ್ರ ಇದು ಭಾಳ ಮುಖ್ಯದ ಮಾತು. ನಮ್ಮ ದೇಶದ ಟಿಬಿ ಕಾರ್ಯಕ್ರಮದ ನಿಯಮದಾಗ, ವಿಶ್ವ ಆರೋಗ್ಯ ಸಂಸ್ಥೆ ಸಲಹಾದಾಗ ಎರಡರಾಗೂ ಒಂದ ಮಾತು ಐತಿ: ಎಚ್‌ಐವಿ ಇದ್ದವ್ರಿಗೆ ಎದ್ದಿರೋ ಟಿಬಿ ಇಲ್ಲ ಅಂತ ಖಾತ್ರಿ ಆತಂದ್ರ, ಔಷಧ ಕೊಡಬಾರದು ಅನ್ನೋ ಬ್ಯಾರೆ ಕಾರಣ ಏನೂ ಇಲ್ಲಂದ್ರ, ಸುಪ್ತ ಟಿಬಿ ಟೆಸ್ಟ್ ಮಾಡಿಸದನ ಟಿಬಿ ತಡೆ ಔಷಧ ಶುರು ಮಾಡಬಹುದು. ಟೆಸ್ಟ್ ಕಡ್ಡಾಯ ಇಲ್ಲ.

ಹಂಗಾರ ಟೆಸ್ಟಿನ ಉಪಯೋಗ ಏನು? ಬೋಟ್ಸ್ವಾನಾ ದೇಶದಾಗ ಎಚ್‌ಐವಿ ಇದ್ದವ್ರಿಗೆ 36 ತಿಂಗಳು ಐಸೋನಿಯಾಜಿಡ್ ಅನ್ನೋ ಟಿಬಿ ತಡೆ ಔಷಧ ಕೊಟ್ಟು ಒಂದು ದೊಡ್ಡ ಪರೀಕ್ಷಾ ಮಾಡಿದ್ರು, 2011ರಾಗ ಅದರ ಫಲಿತಾಂಶ ಬಂತು. ಚರ್ಮದ ಟೆಸ್ಟ್ ಪಾಸಿಟಿವ್ ಇದ್ದವ್ರಿಗೆ ಭಾರಿ ಲಾಭ ಆಗಿತ್ತು, ನೆಗೆಟಿವ್ ಇದ್ದವ್ರಿಗೆ ಅಷ್ಟೇನೂ ಆಗಿರಲಿಲ್ಲ. ಅಂದ್ರ ಈ ಔಷಧದಿಂದ ಯಾರಿಗೆ ಹೆಚ್ಚು ಲಾಭ ಅಂತ ಟೆಸ್ಟ್ ತೋರಸ್ತೈತಿ. ಲಿವರ್ ಸ್ವಲ್ಪ ವೀಕ್ ಐತಿ, ಔಷಧ ತಗೊಳ್ಳೋದೋ ಬ್ಯಾಡೋ ಅಂತ ಡಾಕ್ಟರು ತೂಗಿ ನೋಡುವಾಗ ಈ ರಿಪೋರ್ಟ್ ಕೆಲಸಕ್ಕ ಬರ್ತೈತಿ. ಮನಸ್ಸು ಗಟ್ಟಿ ಮಾಡ್ಕೊಳ್ಳಾಕ ರಿಪೋರ್ಟ್ ಬೇಕು ಅನ್ನೋರೂ ಇರ್ತಾರ, ಅದೂ ತಪ್ಪಲ್ಲ.

ಆದ್ರ ನನ್ನ ಸ್ವಂತ ಅಭಿಪ್ರಾಯ ಕೇಳಿದ್ರ, ಟೆಸ್ಟ್ ಸಿಗವಲ್ದು, ರೊಕ್ಕ ಇಲ್ಲ, ಹುಬ್ಬಳ್ಳಿಗೆ ಹೋಗಾಕ ಆಗವಲ್ದು ಅಂತ ತಿಂಗಳಾನುಗಟ್ಟಲೆ ತಡೆ ಔಷಧ ಮುಂದೂಡೋದು ಸರಿಯಲ್ಲ. ಸೆಂಟರ್‌ದಾಗ ಡಾಕ್ಟರು ಟೆಸ್ಟ್ ಇಲ್ಲದ ಶುರು ಮಾಡೋಣು ಅಂದ್ರ ಶುರು ಮಾಡ್ರಿ.

ಈಗಾಗ್ಲೇ ಟಿಬಿ ಆಗಿ ಕೋರ್ಸ್ ಮುಗಿಸಿದವ್ರು, ಇಲ್ಲಾ ಹಿಂದ ಒಮ್ಮೆ ಈ ಟೆಸ್ಟ್ ಪಾಸಿಟಿವ್ ಬಂದವ್ರು ಹೊಳ್ಳಿ ಮಾಡಿಸೋದ್ರಾಗ ಅರ್ಥ ಇಲ್ಲ. ಔಷಧ ಮುಗಿದ ಮ್ಯಾಲೂ ಅದು ಪಾಸಿಟಿವ್ ಆಗೇ ಉಳೀಬಹುದು, ಆರಾಮ ಆತೋ ಇಲ್ಲೋ ಅನ್ನೋದನ್ನ ಅದು ಹೇಳಂಗಿಲ್ಲ.

ಮೂರನೇ ಹೆಜ್ಜೆ: ಯಾವ ಟೆಸ್ಟ್, ಎಲ್ಲೆ

ಮೂರು ನಮೂನಿ ಅದಾವ. ಹಳೇದು ಮಾಂಟೂ, ಚರ್ಮದಾಗ ಪಿಪಿಡಿ ಅನ್ನೋ ದ್ರವ ಚುಚ್ಚಿ ಎರಡು-ಮೂರು ದಿನಕ್ಕ ನೋಡೋದು. ಎರಡನೇದು ರಕ್ತದ ಟೆಸ್ಟ್, ಇಗ್ರಾ ಅಂತ ಹೆಸರು, ಲ್ಯಾಬಿನ್ಯಾಗ ಟಿಬಿ ಗೋಲ್ಡ್ ಅಂತ ಕೇಳಿದ್ರ ಗೊತ್ತಾಗ್ತೈತಿ. ಮೂರನೇದು ಹೊಸಾದು, ಸೈ-ಟಿಬಿ, ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರು ಮಾಡೋದು, ಮಾಂಟೂ ಹಂಗ ಚರ್ಮಕ್ಕ ಚುಚ್ಚೋದಾದ್ರೂ ಒಳಗಿನ ದ್ರವ ಬ್ಯಾರೆ. 2022ರಾಗ ವಿಶ್ವ ಆರೋಗ್ಯ ಸಂಸ್ಥೆ ಈ ನಮೂನಿ ಹೊಸ ಚರ್ಮದ ಟೆಸ್ಟುಗಳಿಗೆ ಒಪ್ಪಿಗಿ ಕೊಡ್ತು.

ಫರಕ್ ಎಲ್ಲೈತಿ ಅಂದ್ರ ಬಿಸಿಜಿ ಅನ್ನೋ ಟಿಬಿ ಲಸಿಕಿಯಾಗ. ನಮ್ಮ ದೇಶದಾಗ ಕೂಸು ಹುಟ್ಟಿದ ಕೂಡ್ಲೆ ತೋಳಿಗೆ ಬಿಸಿಜಿ ಹಾಕ್ತಾರಲ್ಲ, ಮಾಂಟೂ ಟೆಸ್ಟಿಗೆ ಬಿಸಿಜಿ ಯಾವ್ದು, ನಿಜವಾದ ಟಿಬಿ ಕ್ರಿಮಿ ಯಾವ್ದು ಅಂತ ಪೂರ್ತಿ ತಿಳಿಯಂಗಿಲ್ಲ, ಒಮ್ಮೊಮ್ಮೆ ಸುಳ್ಳ ಪಾಸಿಟಿವ್ ತೋರಸ್ತೈತಿ. ಟಿಬಿ ಗೋಲ್ಡ್ ಮತ್ತ ಸೈ-ಟಿಬಿ ಎರಡರಾಗೂ ಇಸಾಟ್-6, ಸಿಎಫ್‌ಪಿ-10 ಅನ್ನೋ ಪ್ರೋಟೀನ್ ಬಳಸ್ತಾರ, ಇವು ಬಿಸಿಜಿಯಾಗ ಇರಂಗಿಲ್ಲ, ಹಿಂಗಾಗಿ ಆ ಗೊಂದಲ ಬರಂಗಿಲ್ಲ.

ಎಲ್ಲೆ ಅಂದ್ರ, ಮೊದ್ಲು ನಿಮ್ಮ ಎಆರ್‌ಟಿ ಸೆಂಟರ್‌ದಾಗ ಕೇಳ್ರಿ. ಹುಬ್ಬಳ್ಳಿ ಕಿಮ್ಸ್ (ಈಗ ಕೆಎಂಸಿಆರ್‌ಐ) ಇರಲಿ, ಧಾರವಾಡ, ಗದಗ, ಹಾವೇರಿ ಜಿಲ್ಲಾ ಮಟ್ಟದ ದವಾಖಾನಿ ಇರಲಿ, ಅಲ್ಲೆ ಟಿಬಿ ವಿಭಾಗನೂ ಇರ್ತೈತಿ, ಡಾಕ್ಟರು ಚೀಟಿ ಬರದು ಕಳಿಸ್ತಾರ. ಪಿಪಿಡಿ, ಸೈ-ಟಿಬಿ ಎರಡೂ ಒಮ್ಮೊಮ್ಮೆ ಸ್ಟಾಕ್ ಇರಂಗಿಲ್ಲ, ಹಳ್ಳಿಯಿಂದ ಬಸ್ ಹತ್ತೋಕಿಂತ ಮೊದ್ಲು ಫೋನ್ ಮಾಡಿ ಕೇಳೋದು ಚಲೋ. ಟಿಬಿ ಗೋಲ್ಡ್ ಹೆಚ್ಚಾಗಿ ಪ್ರೈವೇಟ್ ಲ್ಯಾಬಿನ್ಯಾಗ ಸಿಗ್ತೈತಿ, ಮಾಂಟೂಕಿಂತ ಭಾಳ ತುಟ್ಟಿ, ರೇಟ್ ಲ್ಯಾಬಿಗೊಂದು ಇರ್ತೈತಿ, ಎರಡು ಮೂರು ಕಡೆ ವಿಚಾರಿಸ್ರಿ.

ಒಂದು ಎಚ್ಚರಿಕಿ, ದಪ್ಪ ಅಕ್ಷರದಾಗ ಬರದಂಗ ತಿಳ್ಕೊಳ್ರಿ. ಟಿಬಿ ಐಜಿಜಿ, ಐಜಿಎಂ ಅಂತ ಹೇಳಿ ರಕ್ತ ತಗೊಂಡು ಆಂಟಿಬಾಡಿ ನೋಡೋ ಟೆಸ್ಟನ್ನ ಭಾರತ ಸರ್ಕಾರ 2012ರಾಗ ನಿಷೇಧ ಮಾಡೈತಿ, ಯಾಕಂದ್ರ ಅದರ ಉತ್ತರ ನಂಬಂಗಿಲ್ಲ. ಅಗ್ಗ ಐತಿ, ಸಂಜಿಗೆ ರಿಪೋರ್ಟ್ ಅಂತ ಯಾರಾದ್ರೂ ಹೇಳಿದ್ರ ಟೆಸ್ಟಿನ ಪೂರ್ತಿ ಹೆಸರು ಬರೆಸ್ಕೊಳ್ರಿ. ಇಗ್ರಾ ಬ್ಯಾರೆ, ಇದು ಬ್ಯಾರೆ.

ನಾಲ್ಕನೇ ಹೆಜ್ಜೆ: ಮಾಂಟೂ, ಸೈ-ಟಿಬಿ ಮಾಡಿಸ್ಕೊಳ್ಳೋದು

ದಿನ ನೋಡ್ಕೊಂಡು ಹೋಗ್ರಿ. ಚುಚ್ಚಿದ 48ರಿಂದ 72 ತಾಸಿನೊಳಗ ಹೊಳ್ಳಿ ಹೋಗಿ ತೋರಸ್ಬೇಕು. ಸೋಮವಾರ ಇಲ್ಲಾ ಮಂಗಳವಾರ ಹಾಕಿಸ್ಕೊಂಡ್ರ ಬುಧವಾರ, ಗುರುವಾರ, ಶುಕ್ರವಾರದಾಗ ಆರಾಮ ತೋರಿಸಬಹುದು. ಗುರುವಾರ ಶುಕ್ರವಾರ ಹಾಕಿಸ್ಕೊಂಡ್ರ ನಡುವ ಐತವಾರ ಬರ್ತೈತಿ, ಓಪಿಡಿ ಬಂದ್, ಟೆಸ್ಟ್ ದಂಡ ಆಗಬಹುದು. ಮುಂದ ದೀಪಾವಳಿ, ಯುಗಾದಿ ಸೂಟಿ ಐತೇನು ಅಂತಾನೂ ನೋಡ್ರಿ. ಎರಡು ಸಲ ಓಡಾಡೋ ಖರ್ಚು ಐತಿ, ಹೆಣ್ಮಕ್ಕಳಿಗೆ ಶಕ್ತಿ ಯೋಜನೆಯಾಗ ಆರ್ಡಿನರಿ ಬಸ್ ಪುಕ್ಕಟೆ ಇರೋದ್ರಿಂದ ರೋಣದಿಂದ ಗದಗಕ್ಕ, ಹಾನಗಲ್ಲಿಂದ ಹಾವೇರಿಗೆ ಬರೋರಿಗೆ ಸ್ವಲ್ಪ ಹಗುರ. ದಿನಗೂಲಿಗೆ ಹೋಗೋರಿಗೆ ಎರಡು ದಿನದ ಪಗಾರ ಹೋಗ್ತೈತಿ ಅನ್ನೋದು ಖರೇನ, ಅದಕ್ಕ ಆಗುವಷ್ಟು ಮಟ್ಟಿಗೆ ಗುಳಗಿ ತಗೊಳ್ಳೋ ದಿನಾನ ಮೊದಲನೇ ಸಲಕ್ಕ ಹೊಂದಿಸ್ರಿ.

ಹೋಗೋಕಿಂತ ಮೊದ್ಲು ಡಾಕ್ಟರ್‌ಗ ಇವಿಷ್ಟು ಹೇಳ್ರಿ: ಹೋದ ತಿಂಗಳು ಒಂದೂವರಿ ತಿಂಗಳಾಗ ದಡಾರ ಲಸಿಕಿ ನಮೂನಿ ಜೀವಂತ ಲಸಿಕಿ ತಗೊಂಡಿದ್ರ, ಸ್ಟೆರಾಯ್ಡ್ ಗುಳಗಿ ನಡದಿದ್ರ, ಹಿಂದ ಮಾಂಟೂ ಹಾಕಿದಾಗ ಚರ್ಮ ಗುಳ್ಳಿ ಎದ್ದು ಹುಣ್ಣಾಗಿದ್ರ. ಹುಣ್ಣಾಗಿದ್ದವ್ರಿಗೆ ಮತ್ತ ಹಾಕಂಗಿಲ್ಲ. ಬಸುರಿದ್ದವ್ರಿಗೆ ಮಾಂಟೂ ಮಾಡಾಕ ಅಡ್ಡಿ ಇಲ್ಲ.

ಮುಂಗೈ ಒಳಗಿನ ಮಗ್ಗಲಿಗೆ, ಸಣ್ಣ ಸೂಜಿಲೆ, 0.1 ಎಂಎಲ್ ದ್ರವ ಚರ್ಮದ ಪದರಿನೊಳಗ ಬಿಡ್ತಾರ. ಬಿಟ್ಟ ಕೂಡ್ಲೆ ಅಲ್ಲೆ 6ರಿಂದ 10 ಮಿಲಿಮೀಟರ್ ಅಗಲದ ಬೆಳ್ಳನ ಗುಳ್ಳಿ ಏಳಬೇಕು, ಸಂತ್ರಿ ಹಣ್ಣಿನ ಸಿಪ್ಪಿ ಕಂಡಂಗ ಕಾಣ್ತೈತಿ. ಗುಳ್ಳಿ ಏಳಲಿಲ್ಲ, ದ್ರವ ಹೊರಗ ಸೋರಿತು, ಇಲ್ಲಾ ಆಳಕ್ಕ ಹೋತು ಅಂದ್ರ ಟೆಸ್ಟ್ ಆಗಿಲ್ಲಂತ ಅರ್ಥ, ಆಗಲೇ ಇನ್ನೊಂದು ಕಡೆ ಹಾಕಬೇಕು. ಸಿಸ್ಟರ್ ಹಾಕುವಾಗ ನೋಡ್ಕೊಂತ ಇರ್ರಿ, "ಗುಳ್ಳಿ ಎದ್ದೈತಿಲ್ಲಕ್ಕಾರ?" ಅಂತ ಕೇಳಿದ್ರ ಯಾರೂ ಬೈಯಂಗಿಲ್ಲ. ಆ ಗುಳ್ಳಿ ತಾಸೊಪ್ಪತ್ತಿನ್ಯಾಗ ಇಳದು ಹೋಗ್ತೈತಿ, ಗಾಬರಿ ಆಗಬ್ಯಾಡ್ರಿ.

ಆಮ್ಯಾಲ ಆ ಜಾಗಾ ತಿಕ್ಕಬ್ಯಾಡ್ರಿ, ಕೆರೀಬ್ಯಾಡ್ರಿ, ಪಟ್ಟಿ ಹಚ್ಚಬ್ಯಾಡ್ರಿ, ಅರಿಷಿಣ, ಕೊಬ್ಬರಿ ಎಣ್ಣಿ, ಮುಲಾಮು ಏನೂ ಬ್ಯಾಡ. ಜಳಕ ಮಾಡಬಹುದು. ಭಾಳ ಕಡೀತಂದ್ರ ತಣ್ಣೀರಿನ ಬಟ್ಟಿ ಇಡ್ರಿ.

ಇನ್ನು ಓದೋದು. ಟೆಸ್ಟ್ ಕೆಡೋದು ಹೆಚ್ಚಾಗಿ ಇಲ್ಲೆ. ಕೆಂಪಾಗಿದ್ದನ್ನ ಅಳೀಬಾರದು, ಗಟ್ಟಿಯಾಗಿದ್ದನ್ನ ಅಳೀಬೇಕು. ಕೆಂಪು ಮೂರು ಬೆರಳು ಅಗಲ ಇದ್ದು ಒಳಗ ಗಟ್ಟಿ ಏನೂ ಇಲ್ಲಂದ್ರ ಅದು ಸೊನ್ನಿ. ಓದೋರು ಏನು ಮಾಡ್ತಾರಂದ್ರ, ಬೆಳಕಿಗೆ ಕುಂಡ್ರಿಸಿ, ಮೊಳಕೈ ಸ್ವಲ್ಪ ಮಡಚಿಸಿ, ಬೆರಳ ತುದಿಲೆ ಮೆತ್ತಗ ಸವರಿ ಗಟ್ಟಿ ಅಂಚು ಎಲ್ಲೈತಿ ಅಂತ ಹುಡುಕ್ತಾರ. ಬಾಲ್ ಪೆನ್ನಿಲೆ ಮಾಡೋದು ಇನ್ನೂ ಚಲೋ: ಒಂದು ಮಗ್ಗಲ ದೂರದಿಂದ ಚರ್ಮದ ಮ್ಯಾಲ ಗೆರಿ ಎಳ್ಕೊಂತ ನಡುವಿನ ಕಡೆ ಬರ್ತಾರ, ಗಟ್ಟಿ ಅಂಚು ಸಿಕ್ಕ ಕೂಡ್ಲೆ ಪೆನ್ನು ತಡದು ನಿಲ್ತೈತಿ. ಆಚಿ ಮಗ್ಗಲದಿಂದನೂ ಹಂಗ ಎಳೀತಾರ. ಎರಡು ಗೆರಿ ನಿಂತ ಜಾಗಾದ ನಡುವಿನ ಅಂತರಾನ ಪಟ್ಟಿಲೆ ಅಳೀತಾರ, ಕೈಯ ಅಡ್ಡ ಅಳೀಬೇಕು, ಮೊಳಕೈದಿಂದ ಮಣಿಕಟ್ಟಿನ ಕಡೆ ಉದ್ದಕ್ಕ ಅಳೀಬಾರದು. ದೂರ ನಿಂತು "ಏನಿಲ್ಲ, ನೆಗೆಟಿವ್" ಅಂತ ಬರದು ಕೊಟ್ರ ಒಪ್ಪಬ್ಯಾಡ್ರಿ, ಕೈ ಮುಟ್ಟಿ ಅಳದು ಎಷ್ಟು ಮಿಲಿಮೀಟರ್ ಅಂತ ಅಂಕಿ ಬರೀರಿ ಅಂತ ಕೇಳ್ರಿ. 0 ಇದ್ರ 0 ಅಂತ ಬರೀಲಿ.

ಯಾಕಂದ್ರ ಅಂಕಿದ ಮ್ಯಾಲ ಎಲ್ಲಾ ನಿಂತೈತಿ. ಮಾಂಟೂದಾಗ ಬ್ಯಾರೆ ಮಂದಿಗೆ ಸಾಮಾನ್ಯವಾಗಿ 10 ಮಿಲಿಮೀಟರ್ ಇದ್ರ ಪಾಸಿಟಿವ್ ಅಂತಾರ. ಎಚ್‌ಐವಿ ಇದ್ದವ್ರಿಗೆ 5 ಮಿಲಿಮೀಟರ್ ಇದ್ರ ಸಾಕು, ಪಾಸಿಟಿವ್. ನಿಮಗ 7 ಮಿಲಿಮೀಟರ್ ಬಂದು, ಓದೋರಿಗೆ ನಿಮ್ಮ ಸ್ಥಿತಿ ಗೊತ್ತಿರದ ನೆಗೆಟಿವ್ ಅಂತ ಬರದು ಕಳಿಸಿಬಿಟ್ರ ಏನು ಮಾಡೋದು? ಹೇಳ್ಕೊಳ್ಳಾಕ ಸಂಕೋಚ ಆಗೋದು ಸಹಜ, ರಾಣೆಬೆನ್ನೂರಿನವ್ರು ಹುಬ್ಬಳ್ಳಿಗೆ, ಗದಗಿನವ್ರು ಧಾರವಾಡಕ್ಕ ಗುಳಗಿಗೆ ಹೋಗೋದು ಯಾಕ ಅಂತ ನಮಗೆಲ್ಲಾ ಗೊತ್ತೈತಿ. ಲ್ಯಾಬಿನವ್ರಿಗೆ ಏನೂ ಹೇಳಬ್ಯಾಡ್ರಿ ಬೇಕಾದ್ರ, ಅಂಕಿ ಬರೆಸ್ಕೊಂಡು ಬಂದು ಎಆರ್‌ಟಿ ಡಾಕ್ಟರ್‌ಗ ತೋರಸ್ರಿ, ಅವ್ರು 5ರ ಲೆಕ್ಕದಾಗ ಓದ್ತಾರ. ಸೈ-ಟಿಬಿಗಾದ್ರ ಎಲ್ಲಾರಿಗೂ 5 ಮಿಲಿಮೀಟರ್ ಒಂದ ಅಳತಿ. ಯಾರಾದ್ರೂ ನಿಮ್ಮ ವಿಷಯ ಹೊರಗ ಹಾಕಿದ್ರ 2017ರ ಎಚ್‌ಐವಿ ಮತ್ತ ಏಡ್ಸ್ ಕಾಯ್ದೆ ನಿಮ್ಮ ಬೆನ್ನಿಗೈತಿ, ಒಪ್ಪಿಗಿ ಇಲ್ಲದ ಬಹಿರಂಗ ಮಾಡೋದು ಅದರಾಗ ತಪ್ಪು.

72 ತಾಸು ದಾಟಿ ಹೋತಂದ್ರ, ಹೊಳ್ಳಿ ಹಾಕಿಸಬೇಕಾಗ್ತೈತಿ. ಮನಿಯಾಗ ಫೋಟೋ ತಗದು ವಾಟ್ಸಾಪ್ ಮಾಡಿದ್ರ ನಡೀಯಂಗಿಲ್ಲ, ಗಟ್ಟಿ ಇರೋದು ಫೋಟೋದಾಗ ಕಾಣಂಗಿಲ್ಲ.

ಐದನೇ ಹೆಜ್ಜೆ: ಟಿಬಿ ಗೋಲ್ಡ್ ಮಾಡಿಸೋದಾದ್ರ

ಒಂದ ಸಲ ಹೋದ್ರ ಸಾಕು, ಉಪಾಸ ಇರೋದು ಬ್ಯಾಡ. ಟಿಬಿ ಗೋಲ್ಡ್‌ದಾಗ ಕ್ವಾಂಟಿಫೆರಾನ್ ಪ್ಲಸ್ ಅನ್ನೋ ನಮೂನಿಗೆ ನಾಲ್ಕು ಸಣ್ಣ ಟ್ಯೂಬು, ಒಂದೊಂದಕ್ಕ 1 ಎಂಎಲ್ ರಕ್ತ. ಒಂದರಾಗ ಏನೂ ಇರಂಗಿಲ್ಲ, ಎರಡರಾಗ ಟಿಬಿ ಪ್ರೋಟೀನ್ ಇರ್ತಾವ, ನಾಲ್ಕನೇದು ಮೈಟೋಜೆನ್, ನಿಮ್ಮ ರಕ್ತದ ಕಣಗಳಿಗೆ ಎದ್ದು ಹೊಡೆದಾಡೋ ತಾಕತ್ತು ಐತೋ ಇಲ್ಲೋ ಅಂತ ನೋಡಾಕ. ರಕ್ತ ಹಾಕಿ ಟ್ಯೂಬು ಅಲುಗಾಡಿಸಿ, 16 ತಾಸಿನೊಳಗ 37 ಡಿಗ್ರಿ ಇನ್‌ಕ್ಯುಬೇಟರ್‌ದಾಗ ಇಡಬೇಕು. ಊರಾಗಿನ ಕಲೆಕ್ಷನ್ ಸೆಂಟರ್‌ದಾಗ ರಕ್ತ ಕೊಟ್ರ, ಇದನ್ನ ಇಲ್ಲೆ ಇಡ್ತೀರೋ ಹೊರಗ ಕಳಿಸ್ತೀರೋ, ಎಷ್ಟು ಹೊತ್ತಿಗೆ ಗಾಡಿ ಹೋಗ್ತೈತಿ ಅಂತ ಕೇಳ್ರಿ. ಶನಿವಾರ ಸಂಜಿಗೆ ಕೊಡೋದ್ಕಿಂತ ವಾರದ ನಡುವ ಮುಂಜಾನೆ ಕೊಡೋದು ಚಲೋ. ಮಾಂಟೂ, ಟಿಬಿ ಗೋಲ್ಡ್ ಎರಡೂ ಮಾಡಿಸೋದಿದ್ರ ಮೊದ್ಲು ರಕ್ತ ಕೊಟ್ಟು ಆಮ್ಯಾಲ ಚುಚ್ಚಿಸ್ಕೊಳ್ರಿ, ಮಾಂಟೂ ಆಗಿ ಕೆಲವು ದಿನ ಬಿಟ್ಟು ರಕ್ತ ಕೊಟ್ರ ಉತ್ತರ ಏರುಪೇರು ಆಗಬಹುದು.

ರಿಪೋರ್ಟ್ ಮೂರು ನಮೂನಿ ಬರ್ತೈತಿ. ಪಾಸಿಟಿವ್, ನೆಗೆಟಿವ್, ಇಂಡಿಟರ್ಮಿನೇಟ್. 0.35 ಅನ್ನೋದು ಗಡಿ, ಅದರ ಮ್ಯಾಲ ಇದ್ರ ಹೆಚ್ಚಾಗಿ ಪಾಸಿಟಿವ್. ಇಂಡಿಟರ್ಮಿನೇಟ್ ಅಂದ್ರ ಟೆಸ್ಟ್ ಉತ್ತರ ಕೊಡಲಿಲ್ಲ ಅಂತ. ಮೈಟೋಜೆನ್ ಟ್ಯೂಬಿನ್ಯಾಗೂ ಕಣಗಳು ಏಳದಿದ್ರ ಹಿಂಗ ಬರ್ತೈತಿ, ಸಿಡಿ4 ಕಡಿಮಿ ಇದ್ದವ್ರಿಗೆ ಇದು ಜಾಸ್ತಿ. ಇದನ್ನ ನೆಗೆಟಿವ್ ಅಂತ ಓದಬ್ಯಾಡ್ರಿ. ಹೊಳ್ಳಿ ಮಾಡಿಸಬಹುದು, ಇಲ್ಲಾ ಡಾಕ್ಟರು ಟೆಸ್ಟ್ ಬಿಟ್ಟು ಔಷಧದ ಬಗ್ಗೆ ನಿರ್ಧಾರ ಮಾಡಬಹುದು.

ಆರನೇ ಹೆಜ್ಜೆ: ರಿಪೋರ್ಟ್ ಬಂತು, ಈಗೇನು

ಪಾಸಿಟಿವ್ ಬಂದ್ರ ಕ್ರಿಮಿ ಮೈಯಾಗ ಐತಿ ಅಂತ ಅಷ್ಟ. ನೀವು ಯಾರಿಗೂ ಹಬ್ಬಿಸಂಗಿಲ್ಲ, ಮನಿಯಾಗ ತಾಟು ಬ್ಯಾರೆ ಇಡೋದು, ಮಕ್ಕಳನ್ನ ದೂರ ಮಲಗಿಸೋದು ಏನೂ ಬ್ಯಾಡ. ಆದ್ರ ಈ ಮೂರೂ ಟೆಸ್ಟಿಗೆ ಕ್ರಿಮಿ ಮಲಗೈತೋ ಎದ್ದೈತೋ ಅಂತ ತಿಳಿಯಂಗಿಲ್ಲ. ಅದಕ್ಕ ಮೊದಲನೇ ಹೆಜ್ಜೆ ಮತ್ತೊಮ್ಮೆ: ನಾಲ್ಕು ಪ್ರಶ್ನಿ, ಎದಿ ಎಕ್ಸ್‌ರೇ. ಅದು ಸ್ವಚ್ಛ ಇದ್ರ ತಡೆ ಔಷಧ.

ನೆಗೆಟಿವ್ ಬಂದ್ರ ಮೊದ್ಲು ನಿಮ್ಮ ಸಿಡಿ4 ಎಷ್ಟೈತಿ ನೋಡ್ರಿ. ಈ ಮೂರೂ ಟೆಸ್ಟು ನಿಮ್ಮ ಮೈಯ ರಕ್ಷಣಾ ಪಡೆ ಟಿಬಿನ ಗುರುತು ಹಿಡಿದು ಏಳ್ತೈತೋ ಇಲ್ಲೋ ಅನ್ನೋದನ್ನ ನೋಡ್ತಾವ. ಸಿಡಿ4 200ಕ್ಕಿಂತ ಕಡಿಮಿ ಇದ್ರ ಆ ಪಡೆನ ಸೋತಿರ್ತೈತಿ, ಕ್ರಿಮಿ ಒಳಗಿದ್ರೂ ಟೆಸ್ಟ್ ಸುಮ್ನ ನೆಗೆಟಿವ್ ತೋರಸ್ತೈತಿ. ಹಿಂತಾವ್ರು ಎಆರ್‌ಟಿ ತಗೊಂಡು ಸಿಡಿ4 200 ದಾಟಿದ ಮ್ಯಾಲ ಹೊಳ್ಳಿ ಮಾಡಿಸಿದ್ರ ಖರೆ ಉತ್ತರ ಸಿಗೋ ಸಂಭವ ಜಾಸ್ತಿ, ಹಂಗಂತ ಅಲ್ಲೀತನ ತಡೆ ಔಷಧ ಬ್ಯಾಡ ಅಂತ ಅರ್ಥ ಅಲ್ಲ, ಅದನ್ನ ಡಾಕ್ಟರ್ ಕೂಡ ಈಗಲೇ ಮಾತಾಡ್ರಿ. ಇನ್ನೊಂದು, ಮನಿಯಾಗ ಯಾರಿಗಾದ್ರೂ ಈಗಷ್ಟ ಟಿಬಿ ಬಂದಿದ್ರ, ಕ್ರಿಮಿ ತಗಲಿ 2ರಿಂದ 8 ವಾರ ಆಗೋತನ ಟೆಸ್ಟ್ ಪಾಸಿಟಿವ್ ಬರಂಗಿಲ್ಲ. ಮನಿಯಾಗ ಟಿಬಿ ಪೇಷಂಟ್ ಇದ್ದು ನಿಮಗ ಎಚ್‌ಐವಿ ಇದ್ರ ಟೆಸ್ಟ್ ರಿಪೋರ್ಟ್ ಕಾಯದನ, ಎದ್ದಿರೋ ಟಿಬಿ ಇಲ್ಲಂತ ಖಾತ್ರಿ ಆದ ಕೂಡ್ಲೆ ತಡೆ ಔಷಧ ಕೊಡ್ತಾರ, ಹಿಂದ ಒಮ್ಮೆ ಕೋರ್ಸ್ ಮುಗಿಸಿದ್ರೂ ಹೇಳ್ರಿ, ಮತ್ತ ಕೊಡಬೇಕಾಗಬಹುದು.

ಔಷಧದ ಬಗ್ಗೆ ಇಲ್ಲೆ ಚುಟುಕಾಗಿ. ಒಂದು ದಾರಿ ದಿನಾ ಐಸೋನಿಯಾಜಿಡ್ 300 ಎಂಜಿ, 6 ತಿಂಗಳು, ಜೋಡಿ ವಿಟಮಿನ್ ಬಿ6. ಇನ್ನೊಂದು ವಾರಕ್ಕೊಮ್ಮೆ ಐಸೋನಿಯಾಜಿಡ್ ಮತ್ತ ರಿಫಾಪೆಂಟಿನ್, 12 ವಾರ, 3ಎಚ್‌ಪಿ ಅಂತಾರ. ಈಗ ಹೆಚ್ಚು ಮಂದಿ ತಗೊಳ್ಳೋ ಟಿಎಲ್‌ಡಿ ಅನ್ನೋ ಎಆರ್‌ಟಿ ಗುಳಗಿ ಜೋಡಿ 3ಎಚ್‌ಪಿ ನಡೀತೈತಿ. ಅಟಾಜಾನವಿರ್, ಲೋಪಿನಾವಿರ್ ಇರೋ ಎರಡನೇ ಸಾಲಿನ ಗುಳಗಿ, ಇಲ್ಲಾ ನೆವಿರಾಪಿನ್ ತಗೊಳ್ಳೋರಿಗೆ ನಡೀಯಂಗಿಲ್ಲ. ಬಸುರಿದ್ದವ್ರಿಗೂ 3ಎಚ್‌ಪಿ ಕೊಡಂಗಿಲ್ಲ, ಮಕ್ಕಳಾಗದ ಗುಳಗಿ ನುಂಗೋರು ರಿಫಾಪೆಂಟಿನ್ ಇದ್ದಾಗ ಬ್ಯಾರೆ ಸಾಧನಾನೂ ಬಳಸ್ಬೇಕು. ರಿಫಾಪೆಂಟಿನ್ ತಗೊಂಡ್ರ ಉಚ್ಚಿ ಕೇಸರಿ ಬಣ್ಣ ಬರ್ತೈತಿ, ಅದಕ್ಕ ಹೆದರಬ್ಯಾಡ್ರಿ. ಕಣ್ಣು ಹಳದಿ ಆದ್ರ, ಊಟ ಸೇರದ ವಾಂತಿ ಆಗಾಕತ್ತಿದ್ರ, ಕಾಲು ಜುಮುಜುಮು ಅಂದ್ರ ಮಾತ್ರ ಆವತ್ತ ಹೋಗಿ ತೋರಸ್ರಿ. ದಾರು ಕುಡಿಯೋರು, ಕಾಮಾಲಿ ಆಗಿದ್ದವ್ರು ಮುಚ್ಚಿಡದ ಮೊದಲ ಹೇಳ್ರಿ, ಲಿವರ್ ಟೆಸ್ಟ್ ಮಾಡಿ ಶುರು ಮಾಡ್ತಾರ. ಯಾರಿಗೆ ಯಾವ ದಾರಿ ಅನ್ನೋದು ಡಾಕ್ಟರ ನಿರ್ಧಾರ, ಮೆಡಿಕಲ್ ಶಾಪಿನ್ಯಾಗ ತಾವ ತಗೊಂಡು ನುಂಗಬ್ಯಾಡ್ರಿ.

ಮಕ್ಕಳ ವಿಷಯ ಒಂಚೂರು. ಎಚ್‌ಐವಿ ಇರೋ ಕೂಸಿಗೆ ಕೇಳೋ ಪ್ರಶ್ನಿ ಬ್ಯಾರೆ: ಕೆಮ್ಮು, ಜ್ವರ, ತೂಕ ಏರವಲ್ದು, ಮನಿಯಾಗ ಟಿಬಿ ಇದ್ದವ್ರು ಅದಾರೇನು. ವರ್ಷ ತುಂಬಿದ ಮಕ್ಕಳಿಗೆ ದೊಡ್ಡವ್ರಂಗ ತಡೆ ಔಷಧ ಕೊಡ್ತಾರ, ವರ್ಷದೊಳಗಿನ ಕೂಸಿಗೆ ಮನಿಯಾಗ ಟಿಬಿ ಪೇಷಂಟ್ ಇದ್ರ ಮಾತ್ರ. ಅಂಗನವಾಡಿಯಾಗ ತೂಕ ಹಾಕಿದ ಕಾರ್ಡ್ ತಗೊಂಡು ಹೋಗ್ರಿ, ಡಾಕ್ಟರ್‌ಗ ಅದು ಭಾಳ ಉಪಯೋಗ.

ಕಡೀಗೆ, ಎಆರ್‌ಟಿ ಸೆಂಟರ್‌ದಾಗ ಕೊಟ್ಟಿರೋ ನಿಮ್ಮ ಗ್ರೀನ್ ಬುಕ್ಕಿನ್ಯಾಗ ನಾಲ್ಕು ಸಾಲು ಬರೆಸ್ರಿ: ಯಾವ ಟೆಸ್ಟ್, ಯಾವ ತಾರೀಖು, ಎಷ್ಟು ಮಿಲಿಮೀಟರ್ ಇಲ್ಲಾ ಎಷ್ಟು ಅಂಕಿ, ಆವಾಗ ಸಿಡಿ4 ಎಷ್ಟಿತ್ತು. ಊರು ಬದಲಾಗಿ ಸೆಂಟರ್ ಬದಲಾದ್ರ ಹೊಸ ಡಾಕ್ಟರ್‌ಗ ಮತ್ತ ಮೊದಲಿಂದ ಶುರು ಮಾಡೋ ಕೆಲಸ ತಪ್ಪತೈತಿ. ಏನಾದ್ರೂ ಕೇಳೋದಿದ್ರ ಎಚ್‌ಐವಿ ಸಹಾಯವಾಣಿ 1097, ಟಿಬಿ ಸಹಾಯವಾಣಿ 1800-11-6666, ಎರಡೂ ಪುಕ್ಕಟೆ, ಹೆಸರು ಹೇಳದನೂ ಮಾತಾಡಬಹುದು.